ಅಂಗಳಕ್ಕೆ ಬಂದ ನೀರು

ಮನೆ ಸೋರಿದರೆ ಲೋಕಕ್ಕೆಲ್ಲ ತಿಳಿಯುತ್ತದೆ. ನಡುಮನೆಯಲ್ಲಿ ಪಾತ್ರೆ ಪರಟಿಗಳನ್ನು ಹರಡಿ ಯಜಮಾನನು ನೆಂಟರ ಮುಂದೆ ತಲೆತಗ್ಗಿಸಬೇಕಾಗುತ್ತದೆ. ಆದ್ದರಿಂದಲೇ ಆ ಸೋರಿಕೆಗೆ ಬೇಗ ಮದ್ದು ಸಿಗುತ್ತದೆ. ಅಂಗಳದಲ್ಲಿ ನಿಲ್ಲುವ ನೀರಿನ ಸ್ವಭಾವ ಬೇರೆ. ಅದು ಸದ್ದಿಲ್ಲದೆ ಬಂದು, ಎರಡು ದಿನ ನಿಂತು, ಮೂರನೆಯ ದಿನ ಕಾಣದಾಗುತ್ತದೆ. ಇಂಗಿತೆಂದು ಮನೆಯವರು ಸಮಾಧಾನಪಡುತ್ತಾರೆ. ಎಲ್ಲಿ ಇಂಗಿತೆಂದು ಕೇಳುವವರು ವಿರಳ. ಹಳೆಯ ಮಣ್ಣುಗೋಡೆಯ ಮನೆಗಳಲ್ಲಿ ಅದು ಇಂಗುವುದು ಅನೇಕ ವೇಳೆ ಗೋಡೆಯೊಳಕ್ಕೇ.

ಮೈಸೂರಿನ ನೈಋತ್ಯದ ಅಂಚಿನಲ್ಲಿರುವ ದಟ್ಟಗಳ್ಳಿ ಇಂದು ನಗರದ ಒಂದು ಬಡಾವಣೆ. ನೂಲು ಹಿಡಿದು ಎಳೆದಂತಹ ರಸ್ತೆಗಳು, ಅಡ್ಡರಸ್ತೆಗಳು, ಮೂವತ್ತು ನಲವತ್ತರ ನಿವೇಶನಗಳು, ಮಹಡಿಯ ಮೇಲೊಂದು ಮಹಡಿ. ಇವೆಲ್ಲದರ ನಡುವೆ ಹಿಂದಿನ ಹಳ್ಳಿ ಒಂದು ನಡುಗಡ್ಡೆಯಂತೆ ಉಳಿದುಕೊಂಡಿದೆ. ಅಲ್ಲಿಯ ಬೀದಿಗಳು ಡೊಂಕು. ಹೊಸದಾಗಿ ಬಂದು ನೆಲಸಿದವರು ಆ ಡೊಂಕನ್ನು ಕಂಡು, ಹಳ್ಳಿಯವರಿಗೆ ಅಳತೆ ತಿಳಿಯದೆಂದು ನಗುವುದುಂಟು. ಅಳತೆ ತಿಳಿಯದಿದ್ದರೂ ಇದ್ದೀತು, ಅವರಿಗೆ ನೀರು ತಿಳಿದಿತ್ತು. ದಿಣ್ಣೆಯಿಂದ ತಗ್ಗಿಗೆ ಮಳೆಯ ನೀರು ಇಳಿಯುವ ಜಾಡನ್ನು ಬಿಟ್ಟು ಅವರು ಮನೆ ಕಟ್ಟಿದರು. ಹಾಗೆ ಬಿಟ್ಟ ಜಾಡೇ ಬೇಸಗೆಯಲ್ಲಿ ಬೀದಿಯಾಯಿತು, ದನಗಳ ಓಣಿಯಾಯಿತು. ನೀರು ನೆಟ್ಟಗೆ ನಡೆಯುವ ಪ್ರಾಣಿಯಲ್ಲ. ಬೀದಿ ನೆಟ್ಟಗಿರುವುದು ಹೇಗೆ?

ಮೈಸೂರು ನಗರವೇ ಒಂದು ದಿಣ್ಣೆಯನ್ನೇರಿ ಕುಳಿತಿದೆ. ಅದರ ಉತ್ತರದ ಮಗ್ಗುಲಲ್ಲಿ ಬಿದ್ದ ಮಳೆ ಕಾವೇರಿಯ ಕಡೆಗೆ, ದಕ್ಷಿಣದ ಮಗ್ಗುಲಲ್ಲಿ ಬಿದ್ದುದು ಕಪಿಲೆಯ ಕಡೆಗೆ. ಒಂದೇ ಮೋಡದಿಂದ ಇಳಿದು ಬೇರೆಯಾದ ಎರಡು ಹನಿಗಳು ತಿರುಮಕೂಡಲಿನ ಸಂಗಮದಲ್ಲಿ ಮತ್ತೆ ಭೇಟಿಯಾಗಬೇಕು. ದಟ್ಟಗಳ್ಳಿಯ ಕಡೆಯ ನೀರಿಗೆ ಸಮೀಪದ ತಗ್ಗು ಲಿಂಗಾಂಬುಧಿ ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರು 1828ರಲ್ಲಿ ತಮ್ಮ ರಾಣಿ ಲಿಂಗಾಜಮ್ಮಣ್ಣಿಯವರ ಹೆಸರಿನಲ್ಲಿ ಕಟ್ಟಿಸಿದ ಕೆರೆ ಅದು. ಕೆರೆ ಕಟ್ಟುವವನು ಏರಿ ಹಾಕುವುದಕ್ಕೆ ಮುಂಚೆ, ನೀರು ಯಾವ ಹೊಲದ ಬದುವನ್ನು ದಾಟಿ, ಯಾವ ಹಳ್ಳಿಯ ಬೆನ್ನ ಹಿಂದೆ ಹಾದು ಬರುತ್ತದೆಂಬುದನ್ನು ನೋಡಿಕೊಂಡಿರುತ್ತಾನೆ. ಆ ಹೊಲಗಳು ನಿವೇಶನಗಳಾದ ಮೇಲೆ ನೀರಿಗೆ ಹಳೆಯ ದಾರಿ ಸಿಗಲಿಲ್ಲ. ದಾರಿ ಸಿಗಲಿಲ್ಲವೆಂದು ನೀರು ಹಿಂದಿರುಗಿ ಹೋಗುವುದೂ ಇಲ್ಲ. ಅದು ಹುಡುಕಿಕೊಂಡ ಹೊಸ ದಾರಿಗಳಲ್ಲಿ ಒಂದು, ಹಳೆಯ ಊರಿನಲ್ಲಿರುವ ನಿವೃತ್ತ ಉಪಾಧ್ಯಾಯರೊಬ್ಬರ ಅಂಗಳ.

ಊರಿಗೆಲ್ಲ ಅವರು ಮೇಷ್ಟರು. ಮನೆ ಅವರ ತಾತನ ಕಾಲದ ತೊಟ್ಟಿಮನೆ. ಒಂದೂವರೆ ಅಡಿ ಎತ್ತರದ ಕಲ್ಲಿನ ತಳಪಾಯ, ಅದರ ಮೇಲೆ ಎರಡಡಿ ದಪ್ಪದ ಮಣ್ಣುಗೋಡೆ, ನಡುವೆ ಬಿಸಿಲೂ ಮಳೆಯೂ ಇಳಿಯುವ ತೊಟ್ಟಿ, ಮೇಲೆ ನಾಡಹೆಂಚು. ಉತ್ತರಕ್ಕೆ ಬೀದಿ ಮತ್ತು ಅಂಗಳ. ದಕ್ಷಿಣಕ್ಕೆ ಬಾವಿಯಿರುವ ಹಿತ್ತಲು. ಮನೆ ಕಟ್ಟಿದ ಕಾಲದಲ್ಲಿ ಬೀದಿಯಿಂದ ಅಂಗಳಕ್ಕೆ ಎರಡು ಮೆಟ್ಟಿಲು ಹತ್ತಬೇಕಾಗಿತ್ತು. ಈಗ ಒಂದು ಮೆಟ್ಟಿಲು ಇಳಿಯಬೇಕು. ಮನೆಯೇನೂ ಕುಸಿದಿಲ್ಲ, ರಸ್ತೆ ಬೆಳೆದಿದೆ. ಹಳೆಯ ಟಾರನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಹೊಸ ಜಲ್ಲಿ, ಹೊಸ ಟಾರು ಸುರಿಯುತ್ತ ಹೋದರೆ ರಸ್ತೆಗೂ ಮರದಂತೆ ವರ್ಷವರ್ಷದ ಬಳೆಗಳು ಮೂಡುತ್ತವೆ. ಪಕ್ಕದಲ್ಲಿರುವ ಹಳೆಯ ಮನೆ ಮಾತ್ರ ಇದ್ದಲ್ಲಿಯೇ ಇದ್ದು ತಗ್ಗಿನದಾಗುತ್ತದೆ. ಮನೆಯ ಪಶ್ಚಿಮಕ್ಕೆ ಹಿಂದೆ ದನಗಳ ಓಣಿಯಿದ್ದ ಕಡೆ ಈಗ ಮೂರು ಮಹಡಿಯ ಮನೆ. ಅದರ ಯಜಮಾನರು ನ್ಯಾಯಾಲಯದಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು. ಅವರ ತಾರಸಿಯ ನೀರನ್ನೆಲ್ಲ ಹೊತ್ತ ಒಂದು ದಪ್ಪ ಕೊಳವೆ ಮೇಷ್ಟರ ಗೋಡೆಯ ಮಗ್ಗುಲಿಗೆ ಬಾಯಿ ತೆರೆದುಕೊಂಡಿತ್ತು.

ಮೈಸೂರಿನ ಮಳೆ ವರ್ಷಕ್ಕೆ ಸುಮಾರು 800 ಮಿಲಿಮೀಟರು. ಮಲೆನಾಡಿನವರು ಕೇಳಿದರೆ ಮುಗುಳ್ನಕ್ಕಾರು. ಆದರೆ ಆ ಮಳೆಯಲ್ಲಿ ಬಹುಪಾಲು ಮೇ ತಿಂಗಳಲ್ಲೊಮ್ಮೆ, ಸೆಪ್ಟೆಂಬರು ಅಕ್ಟೋಬರಿನಲ್ಲೊಮ್ಮೆ, ಗುಡುಗುಸಿಡಿಲಿನೊಡನೆ ಸಂಜೆಯ ಹೊತ್ತು ಒಂದೆರಡು ಗಂಟೆಗಳಲ್ಲಿ ಸುರಿದು ಹೋಗುವಂಥದು. ಸಾವಿರ ಚದರಡಿಯ ಚಾವಣಿಯ ಮೇಲೆ ಒಂದಂಗುಲ ಮಳೆ ಬಿದ್ದರೆ ಇಳಿಯುವ ನೀರು ಸುಮಾರು 2,300 ಲೀಟರು. ಎಂದರೆ ಕಡಿಮೆಯೆಂದರೂ ನೂರೈವತ್ತು ಕೊಡ. ಒಂದು ಗಂಟೆಯೊಳಗೆ ನೂರೈವತ್ತು ಕೊಡ ನೀರನ್ನು ಯಾರಾದರೂ ತಂದು ಗೋಡೆಯ ಬುಡಕ್ಕೆ ಸುರಿದರೆ ಮನೆಯವರು ಸುಮ್ಮನಿರುತ್ತಾರೆಯೆ? ಮಳೆ ಸುರಿದರೆ ಸುಮ್ಮನಿರುತ್ತಾರೆ.

ಚಿತ್ತಾ ಮಳೆಯ ಒಂದು ರಾತ್ರಿ, ಪಶ್ಚಿಮದ ಕೋಣೆಯ ಗೋಡೆಯಿಂದ ಹೊರಮುಖದ ಮಣ್ಣು ಒಂದು ಮಂಚದಗಲ ಕಳಚಿ ಬಿದ್ದಿತು. ಆ ಕೋಣೆಯಲ್ಲಿ ಮಲಗುತ್ತಿದ್ದವರು ಮೇಷ್ಟರ ತಾಯಿ. ಎಂಬತ್ತು ದಾಟಿದ ಆ ವೃದ್ಧೆಗೆ ಕಿವಿ ಮಂದ. ಗೋಡೆ ಬಿದ್ದ ಸದ್ದು ಆಕೆಗೆ ಕೇಳಿಸಲಿಲ್ಲ. ಬೆಳಿಗ್ಗೆ ಎದ್ದು, "ಇದೇನ್ಲಾ ಮಗ, ಕೋಣೆ ಒಳಗೆ ತಣ್ಣಗೆ ಗಾಳಿ ಬತ್ತದೆ" ಎಂದರಂತೆ. ಮೇಷ್ಟರು ಅಂದೇ ಆಕೆಯ ಹಾಸಿಗೆಯನ್ನು ನಡುಮನೆಗೆ ಸಾಗಿಸಿದರು. ನಗರದ ಬೇರೊಂದು ಕಡೆ ಮನೆ ಮಾಡಿಕೊಂಡಿದ್ದ ಮಗ ಬಂದು ನೋಡಿ, ಇದನ್ನು ಕೆಡವಿ ಹೊಸದು ಕಟ್ಟುವುದೇ ಲೇಸೆಂದನು. ವೃದ್ಧೆ ಕೇಳಿಸದವರಂತೆ ಅಡಕೆಯನ್ನು ಕತ್ತರಿಸುತ್ತಿದ್ದರು. ಕೆಲವು ಮಾತುಗಳು ಕಿವಿ ಮಂದವಾದವರಿಗೂ ಕೇಳಿಸುತ್ತವೆ.

ಆ ವಾರ ಮೇಷ್ಟರ ಅಂಗಳಕ್ಕೆ ನೀರಿಗಿಂತ ಹೆಚ್ಚಾಗಿ ಹರಿದು ಬಂದದ್ದು ಸಲಹೆ. ಗುತ್ತಿಗೆದಾರನೊಬ್ಬನು ಬಂದು ಎರಡಡಿ ಮಣ್ಣು ತುಂಬಿಸಿ ಅಂಗಳವನ್ನು ರಸ್ತೆಯ ಮಟ್ಟಕ್ಕೆ ಏರಿಸಿ, ಮೇಲೆ ಸಿಮೆಂಟು ಹಾಕಿಬಿಡೋಣವೆಂದನು. ಕೇಳುವುದಕ್ಕೆ ನ್ಯಾಯವಾಗಿಯೇ ತೋರುವ ಮಾತು. ಬಡಾವಣೆಗಳಲ್ಲಿ ಹತ್ತರಲ್ಲಿ ಎಂಟು ಮನೆಯವರು ಹಿಡಿಯುವ ದಾರಿಯೂ ಅದೇ. ಆದರೆ ಒಂದೂವರೆ ಅಡಿಯ ಕಲ್ಲಿನ ತಳಪಾಯವಿರುವ ಮನೆಗೆ ಎರಡಡಿ ಮಣ್ಣು ತುಂಬಿಸಿದರೆ ಕಲ್ಲು ಹೂತುಹೋಗಿ, ಒದ್ದೆ ಮಣ್ಣು ನೇರವಾಗಿ ಗೋಡೆಯ ಮಣ್ಣಿಗೆ ತಗಲುತ್ತದೆ. ಹಿಂದಿನವರು ಕಲ್ಲನ್ನು ಕೆಳಗಿಟ್ಟದ್ದು ಅಂದಕ್ಕಲ್ಲ. ಕಲ್ಲು ನೀರನ್ನು ಮೇಲಕ್ಕೆ ಹೀರುವುದು ಕಡಿಮೆ, ಮಣ್ಣು ಬತ್ತಿಯಂತೆ ಹೀರುತ್ತದೆ. ಇನ್ನು ಏರಿಸಿದ ಅಂಗಳದ ನೀರು ಹೋಗುವುದೆಲ್ಲಿಗೆ? ಹಿತ್ತಲ ಗೋಡೆಯಾಚೆ, ಇನ್ನೂ ತಗ್ಗಿನಲ್ಲಿ, ಹಾಲು ಮಾರುವ ಹೆಂಗಸೊಬ್ಬಳ ಕೊಟ್ಟಿಗೆಯಿದೆ. ಎರಡು ಹಸು, ಒಂದು ಕರು. ಮೇಷ್ಟರ ಸಂಕಟವನ್ನು ಹಾಗೆಯೇ ಎತ್ತಿ ಆಕೆಯ ಮಡಿಲಿಗೆ ಹಾಕಿದಂತಾಗುತ್ತಿತ್ತು.

ಎರಡನೆಯವರು ವಾಸ್ತು ಬಲ್ಲವರು. ನೀರು ಈಶಾನ್ಯಕ್ಕೆ ಹರಿಯತಕ್ಕದ್ದು, ಇಲ್ಲಿ ದಕ್ಷಿಣಕ್ಕೆ ಹರಿಯುವುದರಿಂದಲೇ ಇಷ್ಟೆಲ್ಲ ತೊಂದರೆ ಎಂದು ಅವರು ತೀರ್ಮಾನಿಸಿದರು. ಈಶಾನ್ಯದಲ್ಲಿ ರಸ್ತೆ ಅಂಗಳಕ್ಕಿಂತ ಎತ್ತರವಾಗಿತ್ತು. ಅಲ್ಲಿಯೇ ಕುಳಿತಿದ್ದ ಮುದಿ ಮೇಸ್ತ್ರಿಯೊಬ್ಬನು ಬೀಡಿಯನ್ನು ಆರಿಸಿ, "ಈಶಾನ್ಯಕ್ಕೆ ಹರಿಸ್ಬೌದು ಸ್ವಾಮಿ. ಲಿಂಗಾಂಬುಧಿ ಕೆರೇನ ಎತ್ತಿ ಆ ಕಡೀಕ್ ಇಟ್ಕೊಟ್ರೆ ನಾಳೇನೇ ಸುರು ಮಾಡ್ತೀನಿ" ಎಂದನು. ಮೇಷ್ಟರು ಕೆಲಸವನ್ನು ಅವನಿಗೇ ಒಪ್ಪಿಸಿದರು.

ಮೇಸ್ತ್ರಿ ಬಂದ ಮೊದಲ ದಿನ ಗುದ್ದಲಿಯನ್ನು ಮುಟ್ಟಲಿಲ್ಲ. ಎರಡನೆಯ ದಿನವೂ ಮುಟ್ಟಲಿಲ್ಲ. ಮೂರನೆಯ ದಿನ ಮಳೆ ಬಂದಿತು. ಗೋಣಿಚೀಲವನ್ನು ಕೊಪ್ಪೆ ಮಾಡಿ ಹೊದ್ದು ಅವನು ಅಂಗಳದ ನಡುವೆ ನಿಂತುಕೊಂಡನು. ನೀರು ಎಲ್ಲಿಂದ ಒಳಕ್ಕೆ ಬರುತ್ತದೆ, ಎಲ್ಲಿ ತಂಗುತ್ತದೆ, ಎಲ್ಲಿ ಸುಳಿ ತಿರುಗುತ್ತದೆ, ಎಲ್ಲಿ ಗುಳ್ಳೆಯೇಳುತ್ತದೆ ಎಂಬುದನ್ನು ನೋಡಿ, ಅಲ್ಲಲ್ಲಿ ಒಂದೊಂದು ಹೆಂಚಿನ ಚೂರನ್ನು ನೆಟ್ಟನು. ಬಿಸಿಲಿನಲ್ಲಿ ಎಷ್ಟು ಸಲ ಅಳೆದರೂ ತಿಳಿಯದುದು ಮಳೆಯಲ್ಲಿ ಅರ್ಧ ಗಂಟೆ ನಿಂತರೆ ತಿಳಿಯುತ್ತದೆ. ಅಂಗಳದ ನೀರನ್ನು ಕುರಿತು ಇಂಜಿನಿಯರುಗಳು ಬರೆದಿರುವ ಪುಸ್ತಕಗಳ ಮೊದಲ ಅಧ್ಯಾಯವೂ ಇದೇ ಆಗಿರಬೇಕಾಗಿತ್ತು.

ಮರುದಿನ ಪಾರದರ್ಶಕವಾದ ರಬ್ಬರು ಕೊಳವೆಯಲ್ಲಿ ನೀರು ತುಂಬಿ ಮಟ್ಟ ಹಿಡಿದರು. ಕೊಳವೆಯ ಎರಡು ತುದಿಗಳಲ್ಲಿಯೂ ನೀರು ಒಂದೇ ಎತ್ತರಕ್ಕೆ ನಿಲ್ಲುತ್ತದೆ. ನೀರಿನ ವಿಷಯದಲ್ಲಿ ನೀರೇ ಸಾಕ್ಷಿ ಹೇಳಿದಂತೆ. ಮುಂದಿನ ಅಂಗಳ ಬೀದಿಯಿಂದ ಮನೆಯ ಕಡೆಗೆ ನಾಲ್ಕಂಗುಲ ಇಳಿದಿತ್ತು. ಇಳಿಯಬೇಕಾದದ್ದು ಇದಕ್ಕೆ ತಿರುಗಾಮುರುಗಾ. ಹಳೆಯ ಗೋಡೆಯ ಮಗ್ಗುಲಲ್ಲಿ ಮೊದಲ ಹತ್ತು ಅಡಿಗಳಿಗೆ ಆರಂಗುಲವಾದರೂ ವಾಟ ಹೊರಕ್ಕಿರಬೇಕೆಂಬುದು ಬಲ್ಲವರ ಲೆಕ್ಕ.

ಮೇಸ್ತ್ರಿ ಎರಡು ಕಡೆ ಅಡಿ ಆಳದ ಗುಣಿ ತೋಡಿ ರಾತ್ರಿ ನೀರು ತುಂಬಿಸಿಟ್ಟನು. ಬೆಳಿಗ್ಗೆ ಮತ್ತೆ ತುಂಬಿಸಿ, ಕಡ್ಡಿ ನೆಟ್ಟು ನೋಡಿದನು. ಹಿತ್ತಲ ಕೆಮ್ಮಣ್ಣಿನ ಗುಣಿಯಲ್ಲಿ ನೀರು ಅರ್ಧ ಗಂಟೆಗೆ ಮೂರಂಗುಲ ಇಳಿಯಿತು. ಮುಂದಿನ ಅಂಗಳದ ಗುಣಿಯಲ್ಲಿ ಮಧ್ಯಾಹ್ನದವರೆಗೂ ಕಡ್ಡಿಯ ಗುರುತು ಕದಲಲಿಲ್ಲ. ಅಲ್ಲಿ ಮೇಲಿದ್ದದ್ದು ಮಣ್ಣಲ್ಲ. ಯಾವ ಯಾವ ಕಾಲದಲ್ಲೋ ಗುಂಡಿ ಮುಚ್ಚಲೆಂದು ತಂದು ಸುರಿದ ಇಟ್ಟಿಗೆಪುಡಿ, ಗಾರೆಯ ಚೂರು, ಜೇಡಿ. ವರ್ಷಗಟ್ಟಲೆ ತುಳಿದು ಅದು ಗಚ್ಚಿನಂತೆ ಗಟ್ಟಿಯಾಗಿತ್ತು.

ಈ ಕೆಲಸವನ್ನೆಲ್ಲ ಜಗುಲಿಯ ಮೇಲೆ ಕುಳಿತು ನೋಡುತ್ತಿದ್ದ ವೃದ್ಧೆ ಒಂದು ಮಧ್ಯಾಹ್ನ, ಯಾರೂ ಕೇಳದೆಯೇ, "ಕಲ್ಲು ಎಲ್ಲೋಯ್ತು?" ಎಂದರು.

"ಯಾವ ಕಲ್ಲವ್ವಾ?"

"ಸೀಬೆಮರದ ಬುಡದ ಕಲ್ಲು. ನಿಮ್ಮಪ್ಪ ಹೊಲದಿಂದ ಬಂದು ಅದರ ಮೇಲೆ ನಿಂತ್ಕಂಡು ಕಾಲು ತೊಳ್ಕೋತಿರ್ಲಿಲ್ವ? ಕೆಳಗೆ ನೀರು ಓಡ್ತಿತ್ತು. ತೊಟ್ಟಿ ನೀರೂ ಅಲ್ಗೇ ಬತ್ತಿತ್ತು."

ಸೀಬೆಮರ ಹೋಗಿ ಎಷ್ಟೋ ವರ್ಷಗಳಾಗಿದ್ದುವು. ಅದು ಇದ್ದ ಸ್ಥಳದಲ್ಲಿ ಮೇಸ್ತ್ರಿ ಹಾರೆಯಿಂದ ಚುಚ್ಚುತ್ತ ಹೋದನು. ಎರಡಡಿ ಕೆಳಗೆ ಹಾರೆ ಠಣ್ಣೆಂದಿತು. ಸಂಜೆಯ ಹೊತ್ತಿಗೆ ಹೊರಬಿದ್ದದ್ದು ಒಂದು ಚಪ್ಪಡಿ; ಅದನ್ನು ಎತ್ತಿದರೆ ಎರಡೂ ಮಗ್ಗುಲಿಗೆ ಕಲ್ಲು ಕಟ್ಟಿದ, ಒಂದಡಿ ಅಗಲದ ಕಾಲುವೆ. ನಾಲ್ಕು ದಿನಗಳ ಅಗೆತದಿಂದ ಅದು ಮುಂದಿನ ಅಂಗಳದ ಮೂಲೆಯಿಂದ ಹೊರಟು, ಮನೆಯ ಪಶ್ಚಿಮಕ್ಕೆ ಸುತ್ತಿ, ತೊಟ್ಟಿಯ ಬಿಲದಿಂದ ಬರುವ ನೀರನ್ನೂ ಕೂಡಿಸಿಕೊಂಡು ಹಿತ್ತಲ ತುದಿಗೆ ಹೋಗುವುದೆಂದು ತಿಳಿಯಿತು. ಪಕ್ಕದ ಮನೆ ಕಟ್ಟುವಾಗ ಬಿದ್ದ ಕಲ್ಲುಮಣ್ಣಿನಲ್ಲಿ ಅದು ಹೂತುಹೋಗಿತ್ತು. ಅದಕ್ಕೂ ಮುಂಚೆ, ನಲ್ಲಿ ಬಂದು ಕಾಲು ತೊಳೆಯುವ ಸ್ಥಳ ಬದಲಾದಾಗಲೇ, ಮನೆಯವರ ಮನಸ್ಸಿನಿಂದ ಮರೆಯಾಗಿತ್ತು. ಮೇಷ್ಟರು ಮೂವತ್ತು ವರ್ಷ ಚರಿತ್ರೆ ಕಲಿಸಿದವರು. ಮೊಹೆಂಜೊದಾರೋವಿನಲ್ಲಿ ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಬೀದಿಯುದ್ದಕ್ಕೂ ಇಟ್ಟಿಗೆಯ ಮುಚ್ಚುಚರಂಡಿಗಳಿದ್ದುವೆಂದು ಎಷ್ಟು ತರಗತಿಗಳಿಗೆ ಪಾಠ ಹೇಳಿದ್ದರೋ. ತಮ್ಮ ಹಿತ್ತಲಿನಲ್ಲಿ ತಮ್ಮ ತಾತನವರು ಬಿಟ್ಟುಹೋದ ಮುಚ್ಚುಚರಂಡಿಯ ಮುಂದೆ ಅವರು ಬಹಳ ಹೊತ್ತು ಕುಕ್ಕುರುಗಾಲಿನಲ್ಲಿ ಕುಳಿತಿದ್ದರು.

ಕಾಲುವೆ ಸಿಕ್ಕಿದ್ದರಿಂದ ಕೆಲಸ ಮುಗಿಯಲಿಲ್ಲ, ಜಗಳ ಆರಂಭವಾಯಿತು. ಕಾಲುವೆಯ ಬಾಯಿ ತೆರೆದುಕೊಳ್ಳುತ್ತಿದ್ದದ್ದು ಹಿಂದೆ ಹೊಲಕ್ಕೆ. ಈಗ ಆ ಬಾಯಿಗೆ ನೇರವಾಗಿ ಹಾಲಿನಾಕೆಯ ಕೊಟ್ಟಿಗೆ. "ಏನ್ ಮೇಷ್ಟ್ರೇ, ನಿಮ್ಮನೆ ಗೋಡೆ ಉಳೀಲಿ ಅಂತ ನಮ್ಮ ಕರ ಈಜು ಕಲೀಬೇಕಾ?" ಎಂದು ಆಕೆ ಗೋಡೆಯಾಚೆಯಿಂದ ಕೇಳಿದಳು. ಮೇಷ್ಟರಿಗೆ ಉತ್ತರ ಹೊಳೆಯಲಿಲ್ಲ. ಉತ್ತರ ಕೊಟ್ಟವರು ಪಶ್ಚಿಮದ ಶಿರಸ್ತೇದಾರರು, ಮಹಡಿಯ ಮೇಲಿನಿಂದ. 1882ರ ಈಸ್‌ಮೆಂಟ್ ಕಾಯಿದೆಯ ಪ್ರಕಾರ ಮೇಲಿನ ಜಮೀನಿನ ಮೇಲೆ ಬಿದ್ದ ನೀರು ಸಹಜವಾಗಿ ಹರಿದು ಬಂದರೆ ಕೆಳಗಿನ ಜಮೀನಿನವನು ಅದನ್ನು ಹರಿಯಗೊಡಲೇಬೇಕು. ಹಾಲಿನಾಕೆಯ ತಕರಾರು ನಿಲ್ಲತಕ್ಕದ್ದಲ್ಲ ಎಂದು ಅವರು ತೀರ್ಪಿತ್ತರು.

ಕಾಯಿದೆಯಲ್ಲಿ ಅಂಥ ಮಾತು ಇರುವುದು ನಿಜ. ಆದರೆ ಅದರಲ್ಲಿ ‘ಸಹಜವಾಗಿ’ ಎಂಬ ಮಾತೂ ಇದೆ. ಮೇಷ್ಟರು ತಲೆಯೆತ್ತಿ, ಶಿರಸ್ತೇದಾರರ ತಾರಸಿಯಿಂದ ಇಳಿದು ಬಂದಿದ್ದ ಕೊಳವೆಯನ್ನು ತೋರಿಸಿ, "ಇದು ಸಹಜವಾಗಿ ಬೆಳೆದದ್ದೆ ಸ್ವಾಮಿ?" ಎಂದರು. ಆ ದಿನ ಸಂಭಾಷಣೆ ಅಲ್ಲಿಗೆ ನಿಂತಿತು.

ನೀರಿನ ವ್ಯಾಜ್ಯಗಳೆಲ್ಲ ಹೀಗೆಯೇ. ಪ್ರತಿಯೊಬ್ಬನಿಗೂ ತನ್ನ ಮೇಲಿನವನು ಅನ್ಯಾಯಗಾರ, ಕೆಳಗಿನವನು ತಕರಾರುಗಾರ. 1898ರಲ್ಲಿ ಪ್ಲೇಗು ಮೈಸೂರಿಗೆ ಬಂದು ಜನರನ್ನು ಬಲಿ ತೆಗೆದುಕೊಂಡ ಮೇಲೆ, 1903ರಲ್ಲಿ ನಗರ ಸುಧಾರಣೆಗೆಂದೇ ಒಂದು ಟ್ರಸ್ಟ್ ಬೋರ್ಡು ಏರ್ಪಟ್ಟಿತು. ಆ ಕಾಲದ ಬಡಾವಣೆಗಳಲ್ಲಿ ಮನೆಗಳ ಬೆನ್ನ ಹಿಂದೆ ಒಂದೊಂದು ಗಲ್ಲಿಯನ್ನು ಬಿಟ್ಟಿರುವುದನ್ನು ಇಂದಿಗೂ ಕಾಣಬಹುದು. ಯಾರ ಮನೆಯ ಕೊಳೆಯೂ ಇನ್ನೊಬ್ಬರ ಅಂಗಳವನ್ನು ಹಾಯದಂತೆ ಊರು ತಾನೇ ಸ್ವಲ್ಪ ನೆಲವನ್ನು ಬಿಟ್ಟುಕೊಟ್ಟ ಏರ್ಪಾಡು ಅದು. ದಟ್ಟಗಳ್ಳಿಯ ಹಳೆಯ ಓಣಿ ಅಂಥದೇ ಒಂದು ಏರ್ಪಾಡಾಗಿತ್ತು, ಯಾವ ಬೋರ್ಡಿನ ದಾಖಲೆಯಲ್ಲಿಯೂ ಇಲ್ಲದ್ದು. ದಾಖಲೆಯಲ್ಲಿ ಇಲ್ಲದ್ದರಿಂದಲೇ ಅದು ಸುಲಭವಾಗಿ ಅಳಿಸಿಹೋಯಿತು.

ಮೇಸ್ತ್ರಿ ಕಾಯಿದೆಯನ್ನು ಓದಿದವನಲ್ಲ. ಅವನ ತೀರ್ಮಾನ ಬೇರೆ ಬಗೆಯದು. ಕಾಲುವೆಯೊಳಕ್ಕೆ ಬರುವ ನೀರೇ ಕಡಿಮೆಯಾದರೆ ಬಾಯಿಯಿಂದ ಹೊರಡುವುದೂ ಕಡಿಮೆಯಾಗುತ್ತದಲ್ಲವೆ? ಬಿದ್ದ ಮನೆಯಲ್ಲಿಯೇ ಎಷ್ಟು ಇಂಗುತ್ತದೋ ಅಷ್ಟು ಇಂಗಲಿ. ಮಿಕ್ಕದ್ದು ಮಾತ್ರ ಕಾಲುವೆಗೆ ಇಳಿಯಲಿ. ಕಾಲುವೆಯನ್ನು ಕೊಟ್ಟಿಗೆಯ ಮಗ್ಗುಲಿನಿಂದ ಸುತ್ತಿಸಿ ಕೆಳಗಿನ ರಸ್ತೆಯ ಮಳೆಚರಂಡಿಗೆ ಮುಟ್ಟಿಸೋಣ. ಕೊಟ್ಟಿಗೆಯ ಪಕ್ಕದಲ್ಲಿ ಹಾದುಹೋಗುವಷ್ಟು ಉದ್ದಕ್ಕೆ ಹಾಲಿನಾಕೆ ಒಂದೂವರೆ ಅಡಿ ನೆಲ ಬಿಡಬೇಕು.

ನೆಲ ಬಿಡುವ ಮಾತನ್ನು ಆಡಲು ಮೇಷ್ಟರಿಗೆ ಧೈರ್ಯ ಸಾಲಲಿಲ್ಲ. ಆಡಿದವರು ಅವರ ತಾಯಿ. ಕೋಲೂರಿಕೊಂಡು ಹಿತ್ತಲ ಬಾಗಿಲಿನವರೆಗೆ ಹೋಗಿ ಹಾಲಿನಾಕೆಯನ್ನು ಕರೆದರು. ಇಬ್ಬರೂ ಏನು ಮಾತನಾಡಿದರೋ ಹತ್ತಿರ ಹೋಗಿ ಕೇಳಿದವರಿಲ್ಲ. ಕೊನೆಗೆ ಆಕೆ, "ದೊಡ್ಡವ್ವನ ಮಕ ನೋಡಿ ಒಪ್ಕೊಂಡೀನಿ. ಆದ್ರೆ ಹಸ ಓಡಾಡೋ ಕಡೆ ಚಪ್ಪಡಿ ಹಾಕ್ಸಬೇಕು. ಗೊರಸು ಸಿಕ್ಕಾಕ್ಕೊಂಡ್ರೆ ಮೇಷ್ಟ್ರೇ ಬಂದು ಬಿಡಿಸ್ಬೇಕು" ಎಂದಳು. ನಾಲ್ಕು ಚಪ್ಪಡಿಗಳ ಲೆಕ್ಕ ಖರ್ಚಿನ ಪಟ್ಟಿಗೆ ಸೇರಿತು.

ಶಿರಸ್ತೇದಾರರನ್ನು ಒಲಿಸಿದ್ದು ಕಾಯಿದೆಯಲ್ಲ, ಲೆಕ್ಕ. ಸಾವಿರದ ಇನ್ನೂರು ಚದರಡಿಯ ಅವರ ತಾರಸಿಯ ಮೇಲೆ ಒಂದಂಗುಲ ಮಳೆಯಾದರೆ 2,800 ಲೀಟರು ನೀರು. ಬೇಸಗೆಯಲ್ಲಿ ಹಣ ಕೊಟ್ಟು ಟ್ಯಾಂಕರು ತರಿಸುವ ಅದೇ ಗೃಹಸ್ಥರು ಮಳೆಗಾಲದಲ್ಲಿ ಅದನ್ನು ಪಕ್ಕದ ಮನೆಯ ಗೋಡೆಗೆ ದಾನಮಾಡುತ್ತಿದ್ದರು. ಮೇಷ್ಟರು ಕಾಗದದ ಮೇಲೆ ಗುಣಿಸಿ ತೋರಿಸಿದಾಗ ಅವರು ಕನ್ನಡಕವನ್ನು ಒರೆಸಿಕೊಂಡು ಎರಡು ಸಲ ಓದಿದರು. ಒಂದು ವಾರದಲ್ಲಿ ಕೊಳವೆ ತಿರುಗಿ ಅವರದೇ ತೊಟ್ಟಿಗೆ ಸೇರಿತು. ಮೊದಲ ಮಳೆಯ ಕೊಳೆನೀರನ್ನು ಹೊರಕ್ಕೆ ಬಿಡಲು ಒಂದು ತಿರುಪನ್ನೂ ಹಾಕಿಸಿಕೊಂಡರು.

ಇನ್ನು ಮೇಷ್ಟರ ಮನೆಯ ಕೆಲಸ. ಗೋಡೆಯ ಬುಡದಲ್ಲಿ ಏರಿದ್ದ ಕಲ್ಲುಮಣ್ಣನ್ನು ಕೆತ್ತಿ ತೆಗೆದು ತಳಪಾಯದ ಕಲ್ಲುಗಳು ಮತ್ತೆ ಬಿಸಿಲು ಕಾಣುವಂತೆ ಮಾಡಿದರು. ಅಂಗಳವನ್ನು ಏರಿಸುವುದಕ್ಕೆ ಬದಲಾಗಿ ಇಳಿಸಿದ ಈ ಕ್ರಮ ಬೀದಿಯವರಿಗೆಲ್ಲ ವಿಚಿತ್ರವಾಗಿ ಕಂಡಿತು. ಬಾಗಿಲಲ್ಲಿ, ರಸ್ತೆಯ ನೀರು ಒಳನುಗ್ಗದಂತೆ ಅಡ್ಡಲಾಗಿ ಒಂದು ಕಲ್ಲಿನ ದಿಂಡು. ಅದರ ಒಳಮಗ್ಗುಲಿಗೆ ಒಂದೂವರೆ ಅಡಿ ಅಗಲ, ಎರಡಡಿ ಆಳದ ಅಗಳನ್ನು ತೋಡಿ, ಮಣ್ಣು ಸೇರದಂತೆ ಬಟ್ಟೆ ಹಾಸಿ, ದಪ್ಪ ಜಲ್ಲಿಯನ್ನು ತುಂಬಿದರು. ಮೇಷ್ಟರ ಮಗ ಅದನ್ನು ಕಂಡು, ಇದಕ್ಕೆ ಫ್ರೆಂಚ್ ಡ್ರೈನ್ ಎಂದು ಹೆಸರು ಎಂದನು. ಆ ಹೆಸರಿಗೂ ಫ್ರಾನ್ಸ್ ದೇಶಕ್ಕೂ ಸಂಬಂಧವಿಲ್ಲ. ಅಮೆರಿಕೆಯ ಹೆನ್ರಿ ಫ್ರೆಂಚ್ ಎಂಬಾತನು 1859ರಲ್ಲಿ ಹೊಲಗಳ ಬಸಿತವನ್ನು ಕುರಿತು ಪ್ರಕಟಿಸಿದ ಪುಸ್ತಕದಿಂದ ಅದು ಪ್ರಚಾರಕ್ಕೆ ಬಂದಿತು. ಮೇಸ್ತ್ರಿಗೆ ಇದಾವುದೂ ಬೇಕಾಗಿರಲಿಲ್ಲ. "ಬಸಿಗಾಲುವೆ ಅಲ್ವ ಬುದ್ಧಿ? ನಮ್ಮಪ್ಪ ಗದ್ದೇಲಿ ತೆಗೀತಿದ್ದ" ಎಂದು ಕೆಲಸ ಮುಂದುವರಿಸಿದನು.

ಹಿತ್ತಲಿನಲ್ಲಿ, ಗೋಡೆಯಿಂದ ಹದಿನೈದು ಅಡಿ ದೂರದಲ್ಲಿ, ಬಾವಿಗೆ ಇನ್ನೂ ದೂರವಾಗಿ, ನಾಲ್ಕಡಿ ಅಗಲ ಎಂಟಡಿ ಆಳದ ಇಂಗುಗುಂಡಿ. ಅದರ ಮುಂದೆ ಮಣ್ಣು ತಂಗಲು ಒಂದು ಚಿಕ್ಕ ತೊಟ್ಟಿ. ಅದಿಲ್ಲದಿದ್ದರೆ ಗುಂಡಿ ಎರಡು ಮಳೆಗಾಲಗಳಲ್ಲಿ ಹೂಳಿನಿಂದ ಕಟ್ಟಿಕೊಂಡು ಕುರುಡಾಗುತ್ತದೆ. ಬಚ್ಚಲ ನೀರಿಗೆ ಈ ಗುಂಡಿಯ ದಾರಿಯನ್ನು ತೋರಿಸಲಿಲ್ಲ, ಬಾವಿಯ ನೀರು ಕೆಡುತ್ತದೆಂದು. ಮಳೆಯ ನೀರಿಗೆ ಒಳಚರಂಡಿಯ ದಾರಿಯನ್ನೂ ತೋರಿಸಲಿಲ್ಲ. ಎಷ್ಟೋ ಮನೆಗಳವರು ತಾರಸಿಯ ಕೊಳವೆಯನ್ನು ಗುಟ್ಟಾಗಿ ಒಳಚರಂಡಿಗೆ ಸೇರಿಸಿ ಬುದ್ಧಿವಂತರೆನಿಸಿಕೊಳ್ಳುತ್ತಾರೆ. ಬಿರುಮಳೆಯ ದಿನ ತಗ್ಗಿನ ಬೀದಿಯಲ್ಲಿ ಮ್ಯಾನ್‌ಹೋಲಿನ ಮುಚ್ಚಳ ಎದ್ದು ಕೊಳೆಯೆಲ್ಲ ಉಕ್ಕುವುದು ಅವರ ಬುದ್ಧಿವಂತಿಕೆಯಿಂದ. ಕಡೆಗೆ ಆ ಕೊಳೆ ಸೇರುವುದೂ ಕೆರೆಯನ್ನೇ.

ಗೋಡೆಯ ಚಿಕಿತ್ಸೆಯಲ್ಲಿ ಮಗನಿಗೂ ಮೇಸ್ತ್ರಿಗೂ ಭಿನ್ನಾಭಿಪ್ರಾಯವಾಯಿತು. ಹಿಂದೊಮ್ಮೆ ಗೋಡೆಯ ಕೆಳಭಾಗಕ್ಕೆ ಗಟ್ಟಿಯಾಗಲೆಂದು ಸಿಮೆಂಟು ಬಳಿಸಿದ್ದರು. ಮಗ ಅದನ್ನೇ ಮತ್ತೆ ದಪ್ಪವಾಗಿ ಬಳಿಸೋಣವೆಂದನು. ಮೇಸ್ತ್ರಿ ಅದನ್ನು ಪೂರ್ತಿಯಾಗಿ ಕೆತ್ತಿ ಹಾಕಬೇಕೆಂದನು. ಈ ವಿಷಯದಲ್ಲಿ ಮೇಸ್ತ್ರಿಯೇ ಸರಿ. ಮಣ್ಣುಗೋಡೆ ಹೀರಿದ ತೇವ ಹೊರಗಿನ ಗಾಳಿಗೆ ಆರಿಹೋಗಬೇಕು. ಸಿಮೆಂಟಿನ ಕವಚ ಹೊದಿಸಿದರೆ ಅದು ಒಳಗೇ ಸೆರೆಯಾಗಿ ಗೋಡೆಯನ್ನು ಮೆತ್ತಗಾಗಿಸುತ್ತದೆ. ಹೊರಗೆ ನೋಡಿದರೆ ಗಟ್ಟಿ, ಒಳಗೆ ಅಂಬಲಿ. ಚಿತ್ತಾ ಮಳೆಯ ರಾತ್ರಿ ಕಳಚಿಬಿದ್ದ ಮಣ್ಣು ಸಿಮೆಂಟಿನ ಹಲ್ಲೆಗೆ ಅಂಟಿಕೊಂಡೇ ಬಿದ್ದಿತ್ತು. ಬಿದ್ದ ಭಾಗವನ್ನು ಹಳೆಯ ಮಣ್ಣನ್ನೇ ಕಲಸಿ ತುಂಬಿಸಿ, ಒಂದು ಬೇಸಗೆ ಆರಲು ಬಿಟ್ಟು, ಅನಂತರ ಸುಣ್ಣದ ಗಾರೆ ಬಳಿದರು.

ಮಳೆ ಬರುವುದನ್ನು ಇಷ್ಟು ಆತುರದಿಂದ ಆ ಮನೆಯವರು ಹಿಂದೆ ಎಂದೂ ಕಾದಿರಲಿಲ್ಲ. ಭರಣಿ ಮಳೆ ಒಂದು ಸಂಜೆ ಮಾವಿನಕಾಯಿಗಳನ್ನು ಉದುರಿಸಿಕೊಂಡು ಬಂದಿತು. ಮೇಷ್ಟರು ಛತ್ರಿ ಹಿಡಿದು ಅಂಗಳದಲ್ಲಿ, ಮೇಸ್ತ್ರಿ ಗೋಣಿ ಹೊದ್ದು ಹಿತ್ತಲಲ್ಲಿ, ಹಾಲಿನಾಕೆ ಕೊಟ್ಟಿಗೆಯ ಬಾಗಿಲಲ್ಲಿ. ಬಾಗಿಲ ದಿಂಡಿನ ಹೊರಗೆ ರಸ್ತೆಯ ನೀರು ಕೆಂಪಗೆ ಹೊರಳಿ ಮುಂದಕ್ಕೆ ಹೋಯಿತು. ಬಸಿಗಾಲುವೆ ಮೊದಲು ಗುಟಗುಟನೆ ಕುಡಿದು, ಆಮೇಲೆ ತುಂಬಿ, ಕಲ್ಲುಕಾಲುವೆಗೆ ದಾಟಿಸಿತು. ಇಂಗುಗುಂಡಿ ಮುಕ್ಕಾಲು ಗಂಟೆ ತಡೆಯಿತು. ಅನಂತರ ಕಾಲುವೆಯ ಬಾಯಿಂದ ಅಂಗೈಯಗಲದ ನೀರು ಹೊರಬಿದ್ದು ಚಪ್ಪಡಿಗಳ ಕೆಳಗೆ ಕಾಣದಾಯಿತು. ಕೊಟ್ಟಿಗೆಯ ಒಂದು ಮೂಲೆ ಮಾತ್ರ ನೆನೆಯಿತು. ಹಾಲಿನಾಕೆ ಕೂಗಿಕೊಂಡಳು, ಮೇಸ್ತ್ರಿ ಮರುದಿನ ಐದನೆಯ ಚಪ್ಪಡಿಯನ್ನು ತಂದನು. ಮೇಷ್ಟರ ಅಂಗಳದಲ್ಲಿ ನೀರು ಇಪ್ಪತ್ತು ನಿಮಿಷ ನಿಂತು ಹೋಯಿತು. ಮೊದಲು ಎರಡು ದಿನ ನಿಲ್ಲುತ್ತಿದ್ದದ್ದು.

ಗೋಡೆ ಪೂರ್ತಿ ಒಣಗಲು ಇನ್ನೂ ಒಂದು ವರ್ಷ ಹಿಡಿಯಿತು. ವೃದ್ಧೆ ಆರನೆಯ ತಿಂಗಳಿಗೇ ತಮ್ಮ ಹಾಸಿಗೆಯನ್ನು ಪಶ್ಚಿಮದ ಕೋಣೆಗೆ ಹಿಂದಕ್ಕೆ ಹಾಕಿಸಿಕೊಂಡರು. ನಡುಮನೆಯಲ್ಲಿ ಗಾಳಿ ಸಾಲದೆಂದು ನೆಪ. ಕೆಡವಿ ಕಟ್ಟುವ ಮಾತನ್ನು ಮಗ ಮತ್ತೆ ಎತ್ತಿಲ್ಲ.

ಕೆಲಸ ಮುಗಿಸಿ ಕೂಲಿ ಪಡೆದ ದಿನ ಮೇಸ್ತ್ರಿ ಬಾಗಿಲ ಕಲ್ಲುಕಂಬದ ಮೇಲೆ ರಸ್ತೆಯ ಮಟ್ಟಕ್ಕೆ ಸರಿಯಾಗಿ ಉಳಿಯಿಂದ ಒಂದು ಗೀರು ಹಾಕಿ ಹೋಗಿದ್ದನು. ಏಕೆಂದು ಮೇಷ್ಟರು ಕೇಳಿದ್ದಕ್ಕೆ, "ಇರ್ಲಿ ಬುದ್ಧಿ" ಎಂದಷ್ಟೇ ಹೇಳಿದ್ದನು. ಮರುವರ್ಷ ರಸ್ತೆಗೆ ಹೊಸ ಟಾರು ಬಿದ್ದಿತು. ಯಂತ್ರಗಳು ಹೋದ ಮೇಲೆ ಮೇಷ್ಟರು ಬಾಗಿಲಿಗೆ ಬಂದು ಕಂಬವನ್ನು ನೋಡಿದರು. ಗೀರು ಎರಡು ಬೆರಳಿನಷ್ಟು ಕೆಳಗೆ ಹೋಗಿತ್ತು. ಒಳಗೆ ಹೋಗಿ ಅಂಗಿ ತೊಟ್ಟುಕೊಂಡು, ಮೇಸ್ತ್ರಿಯ ಮನೆಯ ಕಡೆಗೆ ಹೊರಟರು.